ಹೆಪ್ಪಮ್ಮನ ತೇಗುವ ಕ್ಯಾನು

ಹೆಪ್ಪಮ್ಮ ಅನ್ನುವುದು ಅವಳ ಹೆಸರಲ್ಲ ಬಿಡಿ. ಹೆತ್ತವರು ಇಟ್ಟ ಹೆಸರು ಚೆನ್ನಾಗಿಯೇ ಇತ್ತು, ಕಾರ್ಖಾನೆಯವರು ಅದನ್ನು ಮೂಲೆಗೆ ತಳ್ಳಿದರು. ಅವಳ ಕೆಲಸವೇ ಅಂಥದ್ದು. ಕೊಯ್ಲು ಮುಗಿದ ಹೊಲದಲ್ಲಿ ಉಳಿದ ಹುಲ್ಲು, ಜೋಳದ ದಂಟು ಎಲ್ಲವನ್ನೂ ಪುಡಿ ಮಾಡಿ, ಬೇಯಿಸಿ, ಆ ರಸವನ್ನು ಹುಳಿ ಬರಿಸಿ, ಗಾಡಿಗೆ ಹಾಕುವ ಎಥೆನಾಲ್ ಇಳಿಸುವ ಕಾರ್ಖಾನೆ ಅದು. ಮೊಸರಿಗೆ ಹೆಪ್ಪು ಹೇಗೋ ಆ ರಸಕ್ಕೆ ಯೀಸ್ಟ್ ಹಾಗೆ. ಆ ಯೀಸ್ಟನ್ನು ಸಾಕುವವಳು ಇವಳು.

ಸಾಕುವುದು ಅಂದರೆ ಸಾಕುವುದೇ. ಮೊದಲು ಬ್ರೆಡ್ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಾಗಲೂ ಉಬ್ಬುವ ಹಿಟ್ಟನ್ನು ತಟ್ಟಿ ಮಾತಾಡಿಸುತ್ತಿದ್ದವಳು ಅವಳು. ಬೇಕರಿ ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಇಲ್ಲಿನ ಯೀಸ್ಟ್ ಮಾತ್ರ ಮಹಾ ನಾಜೂಕು. ಹುಲ್ಲಿನ ರಸದಲ್ಲಿ ಸಕ್ಕರೆಯೂ ಇರುತ್ತದೆ, ಯೀಸ್ಟನ್ನು ಕೊಲ್ಲುವ ಕೆಟ್ಟ ಒಗರೂ ಇರುತ್ತದೆ. ಹಾಕಿದ ಯೀಸ್ಟೆಲ್ಲ ಸಾಯುತ್ತಾ ಬಂತು. ಕೊನೆಗೆ ಕಾರ್ಖಾನೆಯ ಕೆಮಿಸ್ಟ್ ಹುಡುಗಿ, "ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸೋಣಮ್ಮ" ಅಂದಳು. ಮಗುವಿಗೆ ಕಹಿ ಔಷಧಿ ನೆಕ್ಕಿಸುವ ಹಾಗೆ ದಿನವೂ ಚಮಚ ಚಮಚ ರಸ ಕುಡಿಸಿ, ಆ ಒಗರಿಗೆ ಜಗ್ಗದ ಒಂದು ಕ್ಯಾನ್ ಯೀಸ್ಟನ್ನು ಹೆಪ್ಪಮ್ಮ ಬೆಳೆಸಿದಳು. ಕಾರ್ಖಾನೆಯ ಹೀಟರ್ ಕೈಕೊಟ್ಟಾಗ ಅದನ್ನು ಮನೆಗೇ ತಂದು ಇಟ್ಟುಕೊಂಡಳು.

ಮನೆಯಲ್ಲಿ ಬೆಚ್ಚಗಿನ ಜಾಗ ಒಂದೇ, ಗಂಡನ ಇಸ್ತ್ರಿ ಮೇಜಿನ ಪಕ್ಕ. ಗಂಡ ಟೈಲರ್, ಊರವರ ಬಾಯಲ್ಲಿ ಮಾಸ್ತರು. ಅಂಗಿಯಲ್ಲಿ ಒಂದು ಸುಕ್ಕು ಕಂಡರೆ ಹಾಲಿನವನ ಎದುರಿಗೂ ಬಾರದ ಆಸಾಮಿ. ಮದುವೆಯಾದ ಲಾಗಾಯ್ತು ಬೀದಿಯಲ್ಲಿ ಹೆಂಡತಿಯ ಕೈ ಹಿಡಿದವರಲ್ಲ, ಜೋರಾಗಿ ನಕ್ಕವರಲ್ಲ. "ನಾಲ್ಕು ಜನ ನೋಡಿದ್ರೆ ಏನಂತಾರೆ" ಅನ್ನುವುದು ಅವರ ಬಾಯಿಪಾಠ. "ನಿಮಗೆ ನನಗಿಂತ ಆ ನಾಲ್ಕು ಜನಾನೇ ಹೆಚ್ಚು" ಎಂದು ಹೆಪ್ಪಮ್ಮ ಹಂಗಿಸುತ್ತಿದ್ದಳು. ತಮಾಷೆಗೆ ಅಂದರೂ ಮನಸ್ಸಿನಲ್ಲಿ ಅದು ಚುಚ್ಚುತ್ತಿತ್ತು.

ಆವತ್ತು ಕಡೇ ಪರೀಕ್ಷೆ. ಹೆಡ್ಡಾಫೀಸಿನವರು ಬಂದು ಕೂತಿದ್ದರು. ಟ್ಯಾಂಕಿನ ರಸ ಹುಳಿ ಬಂದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲದಿದ್ದರೆ ಗೇಟಿಗೆ ಬೀಗ. ಬೇಯಿಸಿದ ರಸ ಆರುತ್ತಾ ಇತ್ತು, ಹೆಪ್ಪಿಗಾಗಿ ಎಲ್ಲರೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಹೆಪ್ಪಮ್ಮನನ್ನೂ ಕ್ಯಾನನ್ನೂ ಮನೆಯಿಂದ ಕರೆದೊಯ್ಯಬೇಕಿದ್ದ ಜೀಪು ಮಾತ್ರ ದಾರಿಯಲ್ಲೇ ಕೆಟ್ಟು ನಿಂತಿತು. ಹೆಪ್ಪಮ್ಮ ಕ್ಯಾನಿನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಚೆಲ್ಲೀತೆಂದು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಸ್ಸಿಗೆ ಹೊರಟಳು. ಭಾರವೆಂದು ಮಾಸ್ತರೂ ಜೊತೆಗೆ ಬಂದರು, ಗರಿಗರಿ ಬಿಳಿ ಅಂಗಿ ತೊಟ್ಟು.

ಬಿಗಿ ಮುಚ್ಚಳ! ತೆರೆದ ತಟ್ಟೆಯಲ್ಲಿ ಹಿಟ್ಟು ಹೊತ್ತು ರೂಢಿಯಾದವಳಿಗೆ, ಮುಚ್ಚಿದ ಕ್ಯಾನಿನಲ್ಲಿ ಯೀಸ್ಟ್ ಬಿಡುವ ಗಾಳಿಗೆ ದಾರಿಯಿಲ್ಲ ಅನ್ನುವುದು ಹೊಳೆಯಲಿಲ್ಲ. ಬಸ್ಸು ಕುಲುಕಿದಂತೆಲ್ಲ ಒಳಗಿನ ಗಾಳಿ ಹೆಚ್ಚಿ, ಮಾಸ್ತರ ತೊಡೆಯ ಮೇಲೆ ಶಾಲು ಹೊದ್ದು ಕೂತಿದ್ದ ಕ್ಯಾನು ಉಬ್ಬತೊಡಗಿತು.

"ರೀ, ಇದು ಸಿಡಿಯುತ್ತೆ" ಎಂದು ಪಿಸುಗುಟ್ಟಿ ಹೆಪ್ಪಮ್ಮ ಶಾಲಿನೊಳಗೆ ಕೈ ಹಾಕಿ ಮುಚ್ಚಳ ಸಡಿಲಿಸಿದಳು.

ಬರ್‍ರ್‍ರ್... ಎಂಥ ತೇಗು ಅಂತೀರಿ! ತುಂಬಿದ ಬಸ್ಸಿಗೆಲ್ಲ ಕೇಳಿಸಿತು. ಹಿಂದೆಯೇ ಹುಳಿ ಹುಳಿ ವಾಸನೆ.

ಕಂಡಕ್ಟರ್ ತಿರುಗಿದ. "ಏನದು? ಆ ಶಾಲಿನೊಳಗೇನಿದೆ? ಪೆಟ್ರೋಲು ಗಿಟ್ರೋಲು ಇದ್ರೆ ಈಗ್ಲೇ ಇಳೀಬೇಕು ನೋಡಿ."

ಹೆಪ್ಪಮ್ಮನ ಜೀವ ಬಾಯಿಗೆ ಬಂತು. ಇಳಿಸಿದರೆ ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ರಸ ಕೆಡುತ್ತದೆ, ಬೀಗ ಬೀಳುತ್ತದೆ. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ದನಿ ಬಂತು.

"ನಂದೇ ಅದು. ಹೊಟ್ಟೆ ಸರಿಯಿಲ್ಲ."

ಹೇಳಿದ್ದು ಮಾಸ್ತರು! ಹೆಪ್ಪಮ್ಮ ಕಣ್ಣು ಬಿಟ್ಟುಕೊಂಡು ಗಂಡನನ್ನೇ ನೋಡಿದಳು. ಎದುರು ಸೀಟಿನಲ್ಲಿ ಶಾಲೆಯ ಹೆಡ್‌ಮಿಸ್ಟ್ರೆಸ್ಸು, ಮಕ್ಕಳ ಸಮವಸ್ತ್ರವನ್ನೆಲ್ಲ ಇವರ ಕೈಯಲ್ಲೇ ಹೊಲಿಸುವವರು, ಹಿಂತಿರುಗಿ "ಮಾಸ್ತರೇ, ನೀವಾ?" ಅಂದರು.

"ಹೌದು ಮೇಡಂ. ಇನ್ನೂ ಬರೋದಿದೆ."

ಬಂತು ಕೂಡ. ಪ್ರತಿ ತಿರುವಿಗೊಂದು ತೇಗು. ಪ್ರತಿ ತೇಗಿಗೂ ಮಾಸ್ತರು ಎದೆ ಮುಟ್ಟಿಕೊಂಡು "ಕ್ಷಮಿಸಿ" ಅನ್ನುತ್ತಿದ್ದರು. "ಬೆಳಿಗ್ಗೆನೇ ಏರಿಸಿದ್ದಾರೆ" ಅಂದರು ಯಾರೋ. ಇನ್ನೊಬ್ಬರು ಕಿಟಕಿ ತೆಗೆದರು. ನಗು ತಡೆಯಲಾರದೆ ಹೆಪ್ಪಮ್ಮ ಸೆರಗು ಕಚ್ಚಿಕೊಂಡಳು, ಅವಳ ಕಣ್ಣಲ್ಲಿ ದಳದಳ ನೀರು. ಕಡೇ ಉಬ್ಬಿನ ಮೇಲೆ ಬಸ್ಸು ಹಾರಿದಾಗ ನೊರೆ ಉಕ್ಕಿಯೇ ಬಿಟ್ಟಿತು. ಮಾಸ್ತರು ಕ್ಯಾನನ್ನು ಎದೆಗವಚಿಕೊಂಡರು. ಬಿಳಿ ಅಂಗಿ ತೊಪ್ಪೆಯಾಯಿತು.

ಕಾರ್ಖಾನೆಯಲ್ಲಿ ಕೆಮಿಸ್ಟ್ ಹುಡುಗಿ ಕ್ಯಾನು ಬಗ್ಗಿಸಿ ನೋಡಿದಳು. ಅರ್ಧ ಹೋಗಿತ್ತು.

"ಅಂಗೀನ ಹಿಂಡಿ ಕೊಡ್ಲಾ?" ಅಂದರು ಮಾಸ್ತರು, ಗಂಭೀರವಾಗಿ.

"ಬೇಡ ಅಂಕಲ್, ಇಷ್ಟು ಸಾಕಾಗಬಹುದು" ಎಂದು ಅವಳು ಉಳಿದದ್ದನ್ನು ಟ್ಯಾಂಕಿಗೆ ಸುರಿದಳು. ಆದರೆ 'ಬಹುದು' ಅನ್ನುವಾಗ ಅವಳ ಮುಖ ಬಿಳಿಚಿಕೊಂಡಿತ್ತು.

ಟ್ಯಾಂಕಿನಿಂದ ಬಂದ ಕೊಳವೆಯ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿತ್ತು. ಯೀಸ್ಟ್ ಬದುಕಿದ್ದರೆ ಅಲ್ಲಿ ಗುಳ್ಳೆ ಏಳಬೇಕು. ಮಧ್ಯಾಹ್ನವಾಯಿತು, ನೀರು ಕದಲಲಿಲ್ಲ. ಹೆಡ್ಡಾಫೀಸಿನವರು ಗಡಿಯಾರ ನೋಡಿಕೊಂಡರು. ಹೆಪ್ಪಮ್ಮ ಹುಲ್ಲಿನ ಪೆಂಡಿಯ ಮೇಲೆ ಗಂಡನ ಪಕ್ಕ ಕೂತಳು.

"ಯಾಕ್ರೀ ಹಾಗಂದ್ರಿ? ನಾಳೆ ಊರೆಲ್ಲ ಆಡಿಕೊಳ್ಳುತ್ತೆ."

ಮಾಸ್ತರು ಅಂಗಿಯ ಸುಕ್ಕು ತಿದ್ದಲು ನೋಡಿ ಕೈಬಿಟ್ಟರು. "ಇಷ್ಟು ವರ್ಷ ಮರ್ಯಾದೆ ಕೂಡಿಟ್ಟಿದ್ದು ಇನ್ಯಾತಕ್ಕೆ ಕಣೆ? ನಿನ್ನ ಕೂಸು ಅದು. ನಡುದಾರೀಲಿ ಇಳಿಸೋಕ್ಕೆ ಬಿಡ್ತೀನಾ?"

ಇವರನ್ನು ಎಷ್ಟು ತಪ್ಪಾಗಿ ತಿಳಿದಿದ್ದೆ ಎಂದುಕೊಂಡು ಹೆಪ್ಪಮ್ಮ ಗಂಡನಿಗೆ ಇನ್ನಷ್ಟು ಹತ್ತಿರ ಸರಿದಳು.

ಬುಳುಕ್.

ಎಲ್ಲರೂ ಬಕೆಟ್ಟಿನತ್ತ ಬಗ್ಗಿದರು. ಬುಳುಕ್, ಬುಳುಕ್... ಆಮೇಲೆ ನೀರು ಬುಳಬುಳನೆ ಕುದಿಯುವ ಹಾಗೆ ಗುಳ್ಳೆ ಎದ್ದಿತು. ಕೆಮಿಸ್ಟ್ ಹುಡುಗಿ ಚಪ್ಪಲಿ ಎಸೆದು ಕುಪ್ಪಳಿಸಿದಳು. ಬಾಯ್ಲರಿನವನು ಸಿಕ್ಕ ತಗಡನ್ನು ಬಡಿದ. ಹೆಪ್ಪಮ್ಮ ಎದ್ದು ಗಂಡನನ್ನು ನೋಡಿದರೆ, ಅವರು ಆಗಲೇ ಶೆಡ್ಡಿನ ನಡುವೆ ನಿಂತು ಎರಡೂ ಕೈ ಮೇಲೆತ್ತಿ, ತಾಳವಿಲ್ಲ ಗೀಳವಿಲ್ಲ, ಕುಣಿಯುತ್ತಿದ್ದರು. ಅಂಗಿಯ ಮೇಲೆ ನೊರೆ ಒಣಗಿ ಪಟ್ಟೆಪಟ್ಟೆಯಾಗಿತ್ತು.

ಹೆಡ್ಡಾಫೀಸಿನ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಯಾರಮ್ಮ ಅದು ಕುಣೀತಿರೋದು?" ಎಂದು ಕೇಳಿದರು.

"ನಮ್ಮ ಯಜಮಾನ್ರು" ಅಂದಳು ಹೆಪ್ಪಮ್ಮ, ಇಡೀ ಶೆಡ್ಡಿಗೆ ಕೇಳುವ ಹಾಗೆ.