ಎಂಟು ಕೈಯವಳು ಕೈ ಬಿಟ್ಟ ಸಂಜೆ

ಮನೆಯಲ್ಲಿ ಅವಳಿಗೆ 'ಎಂಟು ಕೈಯವಳು' ಎಂದು ಹೆಸರು. ಇಟ್ಟವರು ಅತ್ತೆ. ಬಿಟ್ಟಿ ದುಡಿತಕ್ಕೆ ಬಿರುದು ಕೊಟ್ಟರೆ ಸಂಬಳ ಕೊಡಬೇಕಿಲ್ಲವಲ್ಲ. ವಿಮಾನ ಹಾರಿಸಲು ಹೊರಡುವ ದಿನವೂ ಅವಳು ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಮೇಲಿಟ್ಟು, ಮಗಳ ಜಡೆ ಹೆಣೆಯುತ್ತ, ಗಂಡನ ಕಾಲುಚೀಲ ಎಲ್ಲಿದೆಯೆಂದು ಕೂಗಿ ಹೇಳುತ್ತಿದ್ದಳು. "ನಾನೂ ಸಹಾಯ ಮಾಡ್ಲಾ?" ಎಂದು ಕೇಳುವಲ್ಲಿಗೆ ಗಂಡನ ಮನೆಗೆಲಸ ಮುಗಿಯುತ್ತಿತ್ತು. "ಬೇಡ ಬಿಡಿ, ನೀವು ಮಾಡಿದ್ದನ್ನ ಮತ್ತೆ ನಾನೇ ಮಾಡ್ಬೇಕು" ಎನ್ನುವುದು ಅವಳ ಉತ್ತರ.

ಆ ಸಂಜೆ ಅವಳ ಚಿಕ್ಕ ವಿಮಾನದಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ. ರನ್‌ವೇಯ ದೀಪಗಳು ಎದುರಿಗೇ ಕಾಣುತ್ತಿದ್ದವು. ಚಕ್ರ ಇಳಿಸುವ ಹಿಡಿಯನ್ನು ಕೆಳಗೆ ಒತ್ತಿದಳು. ಮೂರು ಚಕ್ರವೂ ಇಳಿದು ಕೂತರೆ ಮೂರು ಹಸಿರು ದೀಪ ಹೊತ್ತಬೇಕು, ಎರಡೇ ಹೊತ್ತಿದವು. ಮುಂದಿನ ಚಕ್ರದ ದೀಪ ಕಣ್ಣು ಬಿಡಲಿಲ್ಲ.

"ಬಲ್ಬ್ ಹೋಗಿರ್ಬೇಕು ಮೇಡಂ. ಇಳಿಸಿಬಿಡೋಣ್ವಾ?" ಎಂದ ಸಹ ಪೈಲಟ್.

"ಹೋಗಿರೋದು ಬಲ್ಬೋ ಚಕ್ರವೋ, ಮೂಗು ನೆಲಕ್ಕೆ ತಿಕ್ಕಿದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಮೇಲಕ್ಕೆ."

ಎಂಜಿನ್ ಅಬ್ಬರಿಸಿತು. ರನ್‌ವೇ ಕಾಲಡಿಯಲ್ಲಿ ಜಾರಿಹೋಯಿತು. ಮೇಲೆ ಬಂದದ್ದೇ ಎಂಟು ಕೈಗಳೂ ಎದ್ದವು. ಒಂದು ಕೈಯಲ್ಲಿ ವಿಮಾನ ಹಿಡಿದು, ಇನ್ನೊಂದರಲ್ಲಿ ಬಲ್ಬ್ ಬಿಚ್ಚುತ್ತ, ನಿಲ್ದಾಣದವರೊಂದಿಗೆ ಮಾತನಾಡತೊಡಗಿದಳು. ಸಹ ಪೈಲಟ್ ಕೈ ಚಾಚಿದರೆ, "ಇರಿ, ನಾನೇ ನೋಡ್ತೀನಿ." ಹೊಸ ಬಲ್ಬೂ ಹೊತ್ತಲಿಲ್ಲ. ಇಬ್ಬರೂ ಅದರ ಮೇಲೆ ಬಗ್ಗಿದರು.

ಎಚ್ಚರಿಕೆಯ ಗಂಟೆ ಕಿರುಚಿತು. ವಿಮಾನ ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ಇಬ್ಬರು ಪೈಲಟ್‌ಗಳು ಒಂದು ಬಲ್ಬ್ ನೋಡುತ್ತ ಕೂತಿದ್ದರು, ವಿಮಾನ ನೋಡುವವರೇ ಇರಲಿಲ್ಲ.

ಎಳೆದು ಮೇಲೆತ್ತಿದಳು. ಕೆಟ್ಟದ್ದನ್ನು ಒಬ್ಬರು ನೋಡಬೇಕು, ಹಾರಿಸುವುದನ್ನು ಇನ್ನೊಬ್ಬರು. ಒಪ್ಪಿಸುವವರೂ ವಹಿಸಿಕೊಳ್ಳುವವರೂ ಬಾಯಿಬಿಟ್ಟು ಹೇಳಬೇಕು. ಇದು ಕಸುಬಿನ ಮೊದಲ ಪಾಠ. ಅಡುಗೆಮನೆಯ ಅಭ್ಯಾಸ ಅದನ್ನು ನುಂಗಿಹಾಕಿತ್ತು.

"ಕಂಟ್ರೋಲ್ ನಿಮ್ದು."

"ಕಂಟ್ರೋಲ್ ನಂದು ಮೇಡಂ."

ಅವಳು ಕೈ ಬಿಟ್ಟಳು. ಅವನ ತಿರುವು ತುಸು ಒರಟು. ತುಟಿ ಕಚ್ಚಿಕೊಂಡು, ತುರ್ತಿನ ಪುಸ್ತಕ ತೆಗೆದು ಒಂದೊಂದೇ ಸಾಲು ಓದಿದಳು. ನೆಲದಲ್ಲಿದ್ದ ತುರ್ತು ಹಿಡಿಯನ್ನು ಎರಡೂ ಕೈಯಿಂದ ಜಗ್ಗಿದಳು. ದಡ್ ಎಂದು ಚಕ್ರ ತನ್ನ ಭಾರಕ್ಕೆ ತಾನೇ ಬಿದ್ದು ಕಚ್ಚಿಕೊಂಡಿತು. ಮೂರನೆಯ ಹಸಿರು ಹೊತ್ತಿತು.

"ಇಳಿಸಿ."

"ನಾನಾ ಮೇಡಂ?"

"ಕಂಟ್ರೋಲ್ ಯಾರ್ದು?"

ಅವನು ನಕ್ಕ. ಹಿಂದಿನ ಚಕ್ರಗಳು ತಾಗಿದವು. ಮುಂದಿನ ಚಕ್ರ ಮೆಲ್ಲನೆ ನೆಲಕ್ಕೆ ಕೂತು ಉರುಳಿತು. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಮನೆಗೆ ಸುದ್ದಿ ಮೊದಲೇ ಮುಟ್ಟಿತ್ತು.

"ಜೀವಾನೇ ಹೋಗಿತ್ತು ಕಣೆ," ಎಂದ ಗಂಡ. "ನೀನು ಬಂದು ಅಡುಗೆ ಮಾಡ್ತೀಯ ಅಂತ ಎಲ್ರೂ ಹಸ್ಕೊಂಡೇ ಕೂತಿದ್ದೀವಿ."

"ನಮ್ಮ ಎಂಟು ಕೈಯವಳು ಒಬ್ಳೇ ವಿಮಾನ ಉಳಿಸಿದ್ಳು," ಎಂದರು ಅತ್ತೆ.

"ಒಬ್ಳೇ ಎಲ್ಲಾ ಮಾಡೋಕೆ ಹೋದಾಗ್ಲೇ ಬೀಳ್ತಿತ್ತು ಅತ್ತೆ." ಗಂಡನ ಕಡೆ ತಿರುಗಿದಳು. "ರೀ, ಒಲೆ ನಿಮ್ದು."

"ಹೂಂ, ಸಹಾಯ ಮಾಡ್ತೀನಿ ನಡಿ."

"ಹಾಗಲ್ಲ. ಒಲೆ ನಂದು ಅನ್ನಿ."

ಅತ್ತೆ ಮಗನ ಮುಖ ನೋಡಿದರು.

"ಒಲೆ... ನಂದು."

ಅವಳು ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಅವಳ ಹಿಮ್ಮಡಿ ತಾನಾಗಿಯೇ ಮೇಲೆದ್ದಿತು. ಮತ್ತೆ ನೆಲಕ್ಕೂರಿದಳು.

"ಲೇ, ಉಪ್ಪು ಎಲ್ಲಿಟ್ಟಿದ್ದೀಯ?"

"ಹುಡ್ಕಿ," ಎಂದಳು. ಕೈಗಳು ಮಡಿಲಲ್ಲೇ ಇದ್ದವು.