ಸದಾಶಿವಣ್ಣನಿಗೆ ಕೊಡದ ಚೀಟಿ

ಸದಾಶಿವಣ್ಣ, ಆ ಚೀಟಿಯನ್ನು ನಾನು ನಿಮಗೆ ಕೊಡಲಿಲ್ಲ. ಮರೆತದ್ದಲ್ಲ – ಕೊಡಬಾರದೆಂದೇ ಕೊಡಲಿಲ್ಲ.

ಸ್ಟೇಷನ್ನಿನ ಹೊರಗೆ ಗುಟ್ಕಾ ಸರಗಳು ರಾಜಾರೋಷವಾಗಿ ತೂಗುತ್ತಿದ್ದ ಕಾಲ. ಠಾಕುರ್ಲಿಯಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ನಮ್ಮ ಭಜನಾ ಮಂಡಳಿ. ನೀವು ಅದರ ಚಕ್ರವರ್ತಿ, ನಾನು ಹನ್ನೊಂದು ವರ್ಷ ತಾಳ ಕುಟ್ಟಿದ ಸಾಮಂತ. ಉಡುಪಿ ಕಡೆಯವರಾದ ನೀವು ಅಭಂಗ ಎತ್ತಿಕೊಂಡರೆ ಮರಾಠಿಯವರೇ ಎದ್ದು ಸೀಟು ಬಿಡುತ್ತಿದ್ದರು. ನಾನು ಹಾಡಿದ ದಿನ ಪೇಪರು ಬಿಡಿಸುತ್ತಿದ್ದರು. ಹೊಟ್ಟೆಕಿಚ್ಚು ಎಂದರೆ ಸಣ್ಣ ಮಾತಾದೀತು –

ಕನ್ನಡ ಸಂಘದವರು ಬಾಯಿ ತಪಾಸಣೆಯ ಶಿಬಿರ ಇಟ್ಟರು. ಹೆಸರು ಬರೆಯುವವನು ನಾನು. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯಿಯೊಳಗೆ ಇಡಿ ಎಂದರು ಡಾಕ್ಟರು. ನಿಮಗೆ ಎರಡೇ ಹೋದವು, ಬಾಯಿ ಅದಕ್ಕಿಂತ ತೆರೆಯಲಿಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ. ಕೂತಿರಿ ಎಂದರೂ ನೀವು ತರಕಾರಿ ಚೀಲ ಹಿಡಿದು ಹೊರಟುಬಿಟ್ಟಿರಿ. ಡಾಕ್ಟರು ಚೀಟಿಯನ್ನು ನನ್ನ ಕೈಗಿತ್ತರು. “ನಮ್ಮ ದೇಶ, ಅಕ್ಕಪಕ್ಕದ ದೇಶ, ಎಲ್ಲಾ ಕಡೆ ಇದು ಮಾಮೂಲಾಗಿದೆ. ಅದಕ್ಕೇ ಯಾರೂ ಹೆದರಲ್ಲ. ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಆಗಬಹುದು. ಗುಟ್ಕಾ ಬಿಡಿಸಿ, ಬೇಗ ದೊಡ್ಡ ಆಸ್ಪತ್ರೆಗೆ ಕಳಿಸಿ.”

ಮರುದಿನ ಗಾಡಿಯಲ್ಲಿ ನೀವೇ ಕೇಳಿದಿರಿ: “ಎಂಥ ಬರ್ದಿದ್ದಾರೆ ಮಾರಾಯ ಆ ಡಾಕ್ಟ್ರು? ಸಾರು ತಾಗಿದ್ರೂ ಬಾಯಿ ಉರೀತದೆ.”

“ಎಂಥದೂ ಇಲ್ಲ ಅಣ್ಣ. ಇಲ್ಲಿ ಎಲ್ಲರಿಗೂ ಇರುದೇ ಅಂತೆ.”

“ಹಾಗಾದ್ರೆ ನಾನು ಹೆದರಿದ್ದು ದಂಡ!” ಎಂದು ನಕ್ಕು ಪ್ಯಾಕೆಟ್ ಹರಿದಿರಿ.

ನನ್ನ ಸುಳ್ಳಿನಲ್ಲಿ ಅರ್ಧ ಡಾಕ್ಟರ ಮಾತೇ ಇತ್ತು – ಎಂಥ ಶುದ್ಧ ಸುಳ್ಳು! ನಿಮ್ಮ ಬಾಯಿ ಇನ್ನಷ್ಟು ಬಿಗಿಯಲಿ, ಮೇಲಿನ ಸ್ವರ ಹೊರಡದಿರಲಿ – ಇಷ್ಟೇ ಬಯಸಿದ್ದೆ. ಇಷ್ಟೇ ಎಂದು ಬರೆಯಲು ಈಗ –

ಬಯಸಿದ್ದು ದಕ್ಕಿತು. ಮುಂದಿನ ದಸರೆಗೆ ನಮ್ಮ ರೈಲು ಡಬ್ಬಿಗೆ ಹೂವಿನ ಹಾರ ಕಟ್ಟಿ ಪೂಜೆ ಮಾಡಿದಾಗ ಮೊದಲ ಅಭಂಗ ನನ್ನದು. ನೀವು ಪಕ್ಕದಲ್ಲಿ ನಿಂತು ತಾಳ ಹಾಕಿದಿರಿ, ಎಲ್ಲರಿಗಿಂತ ಹೆಚ್ಚು ತಲೆದೂಗಿದಿರಿ. ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು – ತಾಳವನ್ನೂ ನನಗಿಂತ ಚೆನ್ನಾಗಿ ಹಾಕುತ್ತಿದ್ದಿರಿ.

ಎರಡು ವರ್ಷಕ್ಕೆ ಮಚ್ಚೆ ಹುಣ್ಣಾಯಿತು, ಹುಣ್ಣು ಕ್ಯಾನ್ಸರ್. ಅರ್ಧ ದವಡೆ ತೆಗೆದರು, ನಾಲಗೆಯೂ ಹೋಯಿತು. ನೋಡಲು ಬಂದಾಗಲೆಲ್ಲ ಅತ್ತಿಗೆ ಹೇಳುತ್ತಾರೆ, “ನೀವೊಬ್ರೇ ನೋಡಿ ಬರುದು. ಉಳಿದವ್ರಿಗೆ ಪುರುಸೊತ್ತಿಲ್ಲ.” ನಾನು ಚಹಾ ಕುಡಿದು ಎದ್ದುಬರುತ್ತೇನೆ.

ಈ ಭಾನುವಾರ ಹಾಗೆ ಏಳುವುದಿಲ್ಲ. ಇದನ್ನು ನಿಮ್ಮಿಬ್ಬರ ಎದುರು ಓದುತ್ತೇನೆ. ನಿಮಗೆ ಬಯ್ಯಲಾಗದು, ನಿಮ್ಮ ಪಾಲಿನದನ್ನೂ ಅತ್ತಿಗೆಯೇ ಬಯ್ಯಲಿ. ಮುಗಿಯುವವರೆಗೆ ಕುಳಿತಿರುತ್ತೇನೆ.