ಬಾಟಲಿಯ ತಳದ ಗಷ್ಟು

ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿ ಆರೇಳು ತಿಂಗಳಾಗಿತ್ತು. ಅದರಿಂದ ಸರಕಾರಿ ದವಾಖಾನೆಯ ಕಂಪೌಂಡರ್ ಏಕನಾಥನಿಗೆ ಆದ ಲಾಭವೆಂದರೆ ಬೆಂಗಳೂರಿನಿಂದ ಬಂದ ಒಂದು ಪೆಟ್ಟಿಗೆ ಅಚ್ಚಿನ ಚೀಟಿಗಳು: ‘ಕುಡಿಯುವ ಮೊದಲು ಬಾಟಲಿಯನ್ನು ಚೆನ್ನಾಗಿ ಕುಲುಕಿ.’ ಉರ್ದು ಶಾಲೆಯಲ್ಲಿ ಕಲಿತ ಏಕನಾಥ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರೂ, ಓದುವಾಗ ಮಾತ್ರ ತುಂಬಿದ ಬಂಡಿ ಏರು ಹತ್ತಿದಂತೆ ಅಕ್ಷರ ಅಕ್ಷರವನ್ನೂ ಎಳೆಯುತ್ತಿದ್ದ. ಬಂದ ರೋಗಿಗಳಲ್ಲಿ ಮುಕ್ಕಾಲು ಮಂದಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಹಾಗಾಗಿ ಚೀಟಿ ಅಂಟಿಸಿ, ಮೇಲೆ ಬಾಯಿಂದಲೂ ಹೇಳಬೇಕು. ತನ್ನ ನಿಜವಾದ ನೌಕರಿ ಹೇಳಿದ್ದನ್ನೇ ಹೇಳುವುದು, ಔಷಧ ಕಲಸುವುದು ಬಿಡುವಿನ ಕೆಲಸ ಎಂದು ಅವನಿಗೆ ಅನಿಸತೊಡಗಿತ್ತು.

ಹೇಳಿದ್ದನ್ನು ಕೇಳುವವರು ಒಬ್ಬರಾದರೂ ಇದ್ದರೆ ಅದು ಶಿವಕಾಂತಾ. ಆಕೆಯ ಗಂಡ ಮಡೆಪ್ಪ ಗಂಜಿನ, ಅಂದರೆ ಧಾನ್ಯದ ಪೇಟೆಯ, ಹಮಾಲ. ಪೇರಿಸಿಟ್ಟ ತೊಗರಿ ಚೀಲಗಳ ಥಪ್ಪಿ ಮೈಮೇಲೆ ಉರುಳಿ ಬೆನ್ನು ಮುರಿದಾಗಿನಿಂದ ಅವನು ನೆಟ್ಟಗೆ ಕೂತಿದ್ದನ್ನು ಯಾರೂ ಕಂಡಿರಲಿಲ್ಲ. ಪ್ರತಿ ಗುರುವಾರ ಬೀದರಿನಿಂದ ಬರುವ ಡಾಕ್ಟರ್ ಮುಜೀಬೋದ್ದೀನ ಅವನಿಗೆ ಅಫೀಮಿನ ಮಿಕ್ಸ್ಚರ್ ಬರೆದಿದ್ದರು. ಅಫೀಮಿನ ಪುಡಿ ಮತ್ತು ಸೀಮೆಸುಣ್ಣ ನೀರಿನಲ್ಲಿ ಕರಗುವಂಥವಲ್ಲ, ಬಿಟ್ಟರೆ ತಳ ಸೇರುತ್ತವೆ. ಅದಕ್ಕೇ ಕುಲುಕಬೇಕು. ಮುಂಜಾನೆ ಒಂದು ಚಮಚ, ಸಂಜೆ ಒಂದು ಚಮಚ. ಹೊಟ್ಟೆ ಕಟ್ಟಿದರೆ ಹರಳೆಣ್ಣೆ. ಯಾರಿಗೂ ಕೊಡಬಾರದು, ಮಕ್ಕಳ ಕೈಗೆ ಸಿಗಬಾರದು. ಶಿವಕಾಂತಾ ಎಲ್ಲದಕ್ಕೂ ತಲೆಯಾಡಿಸಿದ್ದಳು. ಆಕೆ ಮರಳಿ ತರುವ ಖಾಲಿ ಬಾಟಲಿಗಳು ಎಷ್ಟು ಶುಭ್ರವಾಗಿರುತ್ತಿದ್ದವೆಂದರೆ, ಏಕನಾಥ ಅವನ್ನು ಎತ್ತಿ ಉಳಿದವರಿಗೆ ತೋರಿಸಿ, “ನೋಡಿ ಕಲೀರಿ” ಎನ್ನುತ್ತಿದ್ದ.

ಅಂಥವಳು ಬುಧವಾರ ಬಂದು ಬಾಟಲಿಯನ್ನು ಕಿಟಕಿಯ ಹಲಗೆಯ ಮೇಲೆ ಕುಟ್ಟಿ ಇಟ್ಟಳು.

“ಕಂಪೌಂಡರ್ ಸಾಹೇಬ್, ನಿಮ್ಮ ಔಷಧ ಬರೇ ನೀರು ಅದ ನೋಡ್ರಿ. ನಮ್ಮ ಮನುಷ್ಯಾಗ ಕೂದಲದಷ್ಟೂ ಫರಕ ಬೀಳವಲ್ದು.”

ಮಿಕ್ಸ್ಚರ್ ಕಲಸುವುದೊಂದೇ ಏಕನಾಥನಿಗೆ ಇದ್ದ ಅಭಿಮಾನ. ಅದಕ್ಕೇ ಕೈ ಹಾಕಿದಂತಾಯಿತು.

“ಕುಲುಕ್ತೀರೋ ಇಲ್ಲೋ ಶಿವಕಾಂತಾಬಾಯಿ?”

“ರಟ್ಟಿ ನೋಯೂ ತನಕ ಕುಲುಕ್ತೀನ್ರಿ.”

“ಮಂದಿಗಿ ಹಂಚ್ತೀರೇನು?”

“ಬಾಜೂಮನಿ ಚಾಂದಬೀ ಮೊಳಕಾಲಿಗಿ ಅಂತ ಒಂದ್ ಹನಿ ಕೇಳಿದ್ಳು, ಕೊಡ್ಲಿಲ್ಲ. ಅಕಿ ನನ್ನ ಸಂಗಾಟ ಮಾತೇ ಬಿಟ್ಟಾಳ. ಇನ್ನೇನ್ ಮಾಡ್ಲಿ ಹೇಳ್ರಿ?”

ಮರುದಿನ ಏಕನಾಥ ಡಾಕ್ಟರರಿಗೆ ವಿಷಯ ತಿಳಿಸಿ, ಪ್ರಮಾಣ ಹೆಚ್ಚು ಮಾಡಬಹುದೇ ಎಂದು ಕೇಳಿದ. ಡಾಕ್ಟರು ಕನ್ನಡಕ ಹಣೆಗೇರಿಸಿದರು.

“ಹೆಚ್ಚ ಮಾಡ್ಲಾಕ ನನಗೇನು, ಒಂದು ಗೀಟು ಎಳದ್ರ ಮುಗೀತು. ಮೊದಲು ಅವರ ಮನಿಗಿ ಹೋಗಿ ನೋಡ್ಕೊಂಡು ಬಾ. ಆಂವ ಗಂಜಿನ ದೋಸ್ತರಿಗಿ ಮಾರ್ಲಾಕತ್ತಿದ್ರ ಇವತ್ತಿಂದ ಬಂದ್. ಮಾರಲಿಲ್ಲಂದ್ರ, ಮಿಯಾ, ನೀನೇ ಕಲಸೂದು ಮರ್ತಿದಿ ಅಂತ ಅರ್ಥ.”

ಬಂದ್ ಆದರೆ ಮಡೆಪ್ಪ ಹೋಗುವುದು ಗಂಜಿನ ಹಿಂದೆ ಕದ್ದು ಅಫೀಮು ಮಾರುವವನ ಹತ್ತಿರ. ಅಲ್ಲಿ ಚಮಚವೂ ಇಲ್ಲ, ಚೀಟಿಯೂ ಇಲ್ಲ. ಡಾಕ್ಟರರು ಬೀದರಿಗೆ ಹೊರಟ ಮೇಲೆ ಏಕನಾಥ ದವಾಖಾನೆಗೆ ಕೀಲಿ ಹಾಕಿ, ಕಣ್ಣೆದುರಿಗೇ ಕುಲುಕಿ ಕುಡಿಸಿ ನೋಡೋಣವೆಂದು ಹೊಸದಾಗಿ ಕಲಸಿದ ಒಂದು ಬಾಟಲಿ ಮತ್ತು ಅಳತೆಯ ಚಮಚವನ್ನು ಕಿಸೆಗೆ ಸೇರಿಸಿ ಹೊರಟ. ಮಡೆಪ್ಪನ ಮನೆಗೆ ಹೊರಗಿನಿಂದ ಅಗಳಿ ಬಿದ್ದಿತ್ತು. ಪಕ್ಕದ ಕಟ್ಟೆಯ ಮೇಲೆ ಚಾಂದಬೀ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದಳು.

“ಔರಾದಕ ಹೋದ್ರು ಸಾಬ್, ಈಗಿನ್ನ. ಮಗಳ ಕೂಸಿಗಿ ತೊಟ್ಟಲದಾಗ ಹಾಕ್ತಾರ. ಮೊಮ್ಮಗಳಿಗಿ ಮಡಲಾಗ ತಗೊಂಡೇ ಹೆಸರು ಕರೀತೀನಿ ಅಂತ ಮಡೆಪ್ಪಂದು ಹಟ. ಬಸ್ಸಿನಾಗ ಕುಂಡ್ರೂದು ಆಗ್ಬೇಕಲ್ಲ, ಅದಕ ಶಿವಕಾಂತಾ ಗಟ್ಟಿ ಔಷಧ ತಗೊಂಡಾಳ.”

“ಗಟ್ಟಿ ಔಷಧ? ಯಾವುದದು?”

“ನೀವೇ ಕಲಿಸಿ ನನಗ ಕೇಳ್ತೀರಿ? ಕುಲುಕೂದು, ಗ್ವಾಡಿ ಮಾಡದಾಗ ಇಡೂದು, ತಿಳಿ ಆಗೂ ತನಕ ಬಿಡೂದು, ಮ್ಯಾಲಿಂದು ಕುಡಸೂದು. ತಳದ ಗಷ್ಟು ಅಕಿ ಚೆಲ್ಲಂಗಿಲ್ಲ ಮತ್ತ. ಎಲ್ಲಾ ಬಾಟಲ್‌ದು ಒಂದರಾಗ ಕೂಡಿಸಿ ಇಟ್ಟಾಳ, ಕಠಿಣ ದಿನಕ್ಕ ಆಗ್ತದ ಅಂತ. ನನಗ ಮಾತ್ರ ಒಂದ್ ಹನಿ ಇಲ್ಲ.”

ಆ ಪಾಠ ಏಕನಾಥನದೇ, ಆದರೆ ಔಷಧದ್ದಲ್ಲ. ಬೇಸಿಗೆಯಲ್ಲಿ ಬಾವಿಗಳು ತಳ ಕಂಡು ರಾಡಿ ನೀರು ಬರತೊಡಗಿದಾಗ, ಒಂದು ಫಟಕಡಿ, ಅಂದರೆ ಪಟಿಕದ, ತುಂಡು ಹಿಡಿದು ಓಣಿ ಓಣಿ ತಿರುಗಿ ಭಾಷಣ ಬಿಗಿದವನು ಅವನೇ. ತಿರುವ್ರಿ, ತಡೀರಿ, ತಿಳಿ ಆದ ಮ್ಯಾಲ ಮ್ಯಾಲಿಂದು ಕುಡೀರಿ. ಇದೇ ಕಟ್ಟೆಯ ಮೇಲೆ ನಿಂತು ಕೊಡ ತಿರುವಿ ತೋರಿಸಿದ್ದ, ಹೆಂಗಸರು ಮೆಚ್ಚಿದ್ದರು, ಅವನು ರಾತ್ರಿ ಊಟ ಬಿಟ್ಟು ತನ್ನನ್ನೇ ಮೆಚ್ಚಿಕೊಂಡಿದ್ದ. ಅವನ ಜನ್ಮದಲ್ಲಿ ಊರು ಕೇಳಿದ್ದು ಅದೊಂದೇ ಮಾತು. ಶಿವಕಾಂತಾ ಎರಡೂ ಪಾಠಗಳನ್ನು ಕೂಡಿಸಿ ಪಾಲಿಸಿದ್ದಳು.

ಪರಿಣಾಮ, ಮಡೆಪ್ಪ ಇಷ್ಟು ದಿನ ಕುಡಿದದ್ದು ಬರೀ ತಿಳಿನೀರು. ಬಾಟಲಿ ಬಾಟಲಿಯ ಅಫೀಮೆಲ್ಲ ಒಂದೇ ಕಡೆ ಗಟ್ಟಿಯಾಗಿ ಔರಾದಿನ ಬಸ್ಸು ಹತ್ತಿತ್ತು. ಒಂದು ಗುಟುಕು ಒಳಗೆ ಹೋದರೆ ಉಸಿರೇ ನಿಧಾನವಾಗಿ ನಿಲ್ಲುತ್ತದೆ.

ಏಕನಾಥ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ಅಡ್ಡೆಗೆ ಓಡಿದ. ಬಸ್ಸಿನ ಮೈಮೇಲೆ ಹಳೆಯ ಹೆಸರು ಒರೆಸಿ ಮೈಸೂರಿನ ಹೆಸರು ಬರೆದಿದ್ದರು, ಒಳಗಿನ ಸ್ಪ್ರಿಂಗುಗಳು ಮಾತ್ರ ನಿಜಾಮರ ಕಾಲದವು. ಅದು ಅಡ್ಡೆ ಬಿಟ್ಟು ಹೊರಳುವಾಗ ಹಿಂದಿನ ಬಾಗಿಲಿಗೆ ಜೋತುಬಿದ್ದ. ಕಡೆಯ ಸೀಟಿನಲ್ಲಿ ಮಡೆಪ್ಪ ಒಂದು ಮಗ್ಗುಲಿಗೆ ವಾಲಿ ಹಲ್ಲು ಕಚ್ಚಿಕೊಂಡಿದ್ದ. ಶಿವಕಾಂತಾ ಬಾಟಲಿಯ ಬಿರಡೆ ಕೀಳುತ್ತಿದ್ದಳು.

“ಬಾಯಿ, ಅದು ಕೊಡಬ್ಯಾಡ್ರಿ. ಇತ್ತ ತರ್ರಿ.”

“ಯಾಕ್ರಿ? ಕೂಡಿಸಿಟ್ಟಿದ್ದು ನಾನು.”

“ಕೂಡಿಸಿದ್ದಕ್ಕೇ ಹೇಳ್ತೇನಿ. ಅದು ಕುಡುದ್ರ ನಿದ್ದಿ ಹತ್ತತದ. ಔರಾದ ಬಂದ್ರೂ ಏಳಂಗಿಲ್ಲ, ನಾಳಿಗೂ ಏಳಂಗಿಲ್ಲ.”

“ನೋವಂತೂ ಇರಂಗಿಲ್ಲಲ್ಲ,” ಎಂದ ಮಡೆಪ್ಪ ಕಣ್ಣು ತೆರೆಯದೆ.

“ನಿನ್ನ ಬಾಯಿಗಿ ಬೆಂಕಿ ಹಾಕ,” ಎಂದು ಅವನನ್ನು ಗದರಿ ಶಿವಕಾಂತಾ ಏಕನಾಥನ ಕಡೆ ತಿರುಗಿದಳು. “ತಿಳಿ ಕುಡೀರಿ ಅಂದವರು ನೀವು.”

“ಅದು ನೀರಿಗಿ ಹೇಳಿದ್ದು.”

“ನೀರಿಗಿ ಅಷ್ಟೇ ಅಂತ ಹೇಳ್ಬೇಕಿತ್ತು. ಇದು ನೀರಲ್ಲದ ಏನು, ಹಾಲೇನು?”

ಏಕನಾಥ ಕೈ ಚಾಚಿದ. ಬಾಟಲಿ ಕಸಿದು ಕಿಟಕಿಯಿಂದ ಹೊರಗೆ ಬಗ್ಗಿಸಿದ. ಬಿಳಿ ಗಷ್ಟು ಮುದ್ದೆಯಾಗಿ ಧೂಳಿಗೆ ಬಿತ್ತು. ಶಿವಕಾಂತಾ ಮುಖ ತಿರುವಿದಳು. ಮಡೆಪ್ಪ ಮಾತ್ರ, ತನ್ನ ಪ್ರಯಾಣವೇ ಹೊರಗೆ ಚೆಲ್ಲಿಹೋಯಿತೆಂಬಂತೆ, ರಸ್ತೆಯ ಮೇಲಿನ ಆ ಕಲೆಯನ್ನು ನೋಡಿದ.

ಏಕನಾಥ ಕಿಸೆಯಿಂದ ಹೊಸ ಬಾಟಲಿ ತೆಗೆದ. “ಅರ್ಧ ಚಮಚ ಕೊಡ್ತೇನಿ.”

“ಅರ್ಧಾ?” ಎಂದ ಮಡೆಪ್ಪ. “ದಿನಾ ಪೂರಾ ಕುಡಿದ್ರೂ ಏನೂ ಆಗ್ಲಿಲ್ಲ. ಇನ್ನ ಅರ್ಧಕ್ಕ ಏನ್ ಆಗ್ತದ?”

“ದಿನಾ ಕುಡಿದದ್ದು ತಿಳಿ. ನಿನ್ನ ಮೈಗಿ ಇದರ ರೂಢಿ ಇಲ್ಲ. ಇವತ್ತ ಅರ್ಧ. ಸಂಜಿಗಿ ನೋಡಿ ಮುಂದಿನ ಮಾತು.”

ಅಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು. ಮಡೆಪ್ಪ ನರಳಿದ. ಏಕನಾಥ ಅಭ್ಯಾಸದಂತೆ ಬಾಟಲಿ ಕುಲುಕಲು ಕೈ ಎತ್ತಿದ.

“ಅದಕ್ಯಾಕ ತ್ರಾಸ್ ಕೊಡ್ತಿ?” ಎಂದ ಮಡೆಪ್ಪ ಹಲ್ಲು ಕಚ್ಚಿಕೊಂಡೇ. “ನನ್ನ ಎಲುವು ಕುಲುಕಿದ ರಸ್ತಾ ನಿನ್ನ ಬಾಟಲಿ ಬಿಡ್ತದೇನು? ಹಾಕು ಲಗೂನ.”

ಏಕನಾಥ ಅರ್ಧ ಚಮಚ ಅಳೆದು ಅವನ ಬಾಯಿಗೆ ಹಾಕಿದ. ಕಂಡಕ್ಟರ್ ರಶೀದ ಅಹ್ಮದ ಬಂದು, “ಸಾಹೇಬ್ರು ಎಲ್ಲಿ ಇಳೀತೀರಿ?” ಎಂದ. ಮುಂದಿನ ಹಳ್ಳಿಯಲ್ಲಿ ಎಂದು ಬಾಯಿಗೆ ಬಂದಿತ್ತು. ಆದರೆ ಕುಡಿಸಿದ ಮೇಲೆ ಒಬ್ಬರು ಕೂತು ಉಸಿರು ನೋಡಬೇಕು. “ಔರಾದ,” ಎಂದ ಏಕನಾಥ. ಆಗ ದವಾಖಾನೆಯ ಕೀಲಿ ತೊಡೆಗೆ ಚುಚ್ಚಿತು. ಬಾಗಿಲ ಮುಂದೆ ಕೂತವರು ತನಗೆ ಏನೇನು ಅನ್ನುತ್ತಿರಬಹುದೆಂದು ಲೆಕ್ಕ ಹಾಕುತ್ತ, ಮಡೆಪ್ಪನ ತಲೆ ತನ್ನ ಹೆಗಲಿಗೆ ಒರಗಿದಾಗಲೆಲ್ಲ ಬೆಚ್ಚಿ, ಅವನನ್ನು ಅಲ್ಲಾಡಿಸಿ ಎಬ್ಬಿಸಿದ.

“ನಿದ್ದಿನೂ ಮಾಡಗೊಡಂಗಿಲ್ಲೇನಪಾ?” ಎಂದು ಮಡೆಪ್ಪ ದಾರಿಯುದ್ದಕ್ಕೂ ಬೈದ. ಬೈಗುಳ ಸ್ಪಷ್ಟವಾಗಿದ್ದಷ್ಟು ಕಾಲ ಏಕನಾಥನಿಗೆ ಸಮಾಧಾನ.

ಔರಾದಿನಲ್ಲಿ ಮಡೆಪ್ಪ ಮಗಳ ಮನೆಯ ಗೋಡೆಗೆ ಒರಗಿ ಕೂತ. ನೋವು ಹೋಗಿರಲಿಲ್ಲ, ಕೂಡಲು ಒಂದಿಷ್ಟು ಜಾಗ ಬಿಟ್ಟು ಸರಿದಿತ್ತು. ಮಡಿಲಲ್ಲಿ ಕೂಸು ಮಲಗಿಸಿಕೊಂಡು, ಬೆವರುತ್ತ, ಕಿವಿಯಲ್ಲಿ ಹೆಸರು ಕರೆದ. ಕೂಸು ಅವನ ಮೀಸೆ ಹಿಡಿಯಿತು. ಅವನು ಬಿಡಿಸಿಕೊಳ್ಳಲಿಲ್ಲ.

ಧೂಳು ಕುಡಿದು ಗಂಟಲು ಒಣಗಿದ್ದ ಏಕನಾಥ ನೀರು ಕೇಳಿದ. ಬೀಗಿತ್ತಿ ತಂಬಿಗೆ ತಂದಳು. ಶಿವಕಾಂತಾ ಅದನ್ನು ಅವನ ತುಟಿಯ ಹತ್ತಿರದಿಂದ ಕಸಿದುಕೊಂಡಳು.

“ತಡೀರಿ. ಈಗಿನ್ನ ಫಟಕಡಿ ತಿರುವ್ಯಾರ, ಇನ್ನಾ ರಾಡಿ ಅದ. ನೀರಿಗಿ ತಿಳಿ ಆಗ್ಬೇಕು. ಇಷ್ಟಾದ್ರೂ ಖರೇ ಅದ ಇಲ್ರಿ?”

ಏಕನಾಥ ಮೂಲೆಯ ಕೊಡದ ಹತ್ತಿರ ಸರಿದ. “ಖರೇ ಅದ,” ಎಂದು, ಕೊಡದಲ್ಲಿ ರಾಡಿ ನಿಧಾನವಾಗಿ ಕೆಳಗಿಳಿಯುವುದನ್ನು ನೋಡುತ್ತ ಕೂತ.